ವಿಲ್ಲೋ: ನೇಯ್ದ ಮನುಷ್ಯ, ನೆಟ್ಟ ಮಂಟಪ

(ವಿದ್ಯಾರ್ಥಿಗಳು ಹಾಗೂ ಕೃಷಿಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಾಶ್ಮೀರದ ಕ್ರಿಕೆಟ್ ಬ್ಯಾಟನ್ನು ಹಿಡಿದವರೆಲ್ಲರೂ ವಿಲ್ಲೋ ಮರವನ್ನು ಮುಟ್ಟಿದವರೇ. ಚಳಿಗಾಲದಲ್ಲಿ ಅಲ್ಲಿಯ ಜನ ಮೈಗೆ ಒತ್ತಿಹಿಡಿಯುವ ಕಾಂಗ್ಡಿ ಎಂಬ ಅಗ್ಗಿಷ್ಟಿಕೆಯ ಬುಟ್ಟಿಯೂ ವಿಲ್ಲೋ ಕಡ್ಡಿಗಳ ಹೆಣಿಗೆಯೇ. ಪಶ್ಚಿಮ ಘಟ್ಟದ ಹೊಳೆದಂಡೆಗಳ ನೀರಂಜಿ ಕೂಡ ಇದೇ ಸ್ಯಾಲಿಕ್ಸ್ ಕುಲದ್ದು. ಆದರೆ ಈ ಕಡ್ಡಿಗಳಿಂದ ಶಿಲ್ಪವನ್ನೂ ಉದ್ಯಾನದ ಮಂಟಪವನ್ನೂ ರೂಪಿಸುವ ವಿದ್ಯೆ ಹುಲುಸಾಗಿ ಬೆಳೆದಿರುವುದು ಯುರೋಪಿನಲ್ಲಿ.

ಇಂಗ್ಲೆಂಡಿನ ಸಾಮರ್ಸೆಟ್‌ನ ನೆರೆಪೀಡಿತ ತಗ್ಗುಭೂಮಿಯಲ್ಲಿ ವಿಲ್ಲೋ ಒಂದು ಬೆಳೆ. ಎಲೆಯುದುರಿದ ಮೇಲೆ ಗಿಡವನ್ನು ಬುಡಮಟ್ಟಕ್ಕೆ ಕೊಯ್ಯುತ್ತಾರೆ. ವಸಂತದಲ್ಲಿ ಅದೇ ಬುಡ ಚಿಗುರಿ, ವರ್ಷದೊಳಗೆ ಕಡ್ಡಿಗಳು ಆಳೆತ್ತರವನ್ನು ಮೀರುತ್ತವೆ. ತೊಗಟೆಯೊಡನೆ ಒಣಗಿಸಿದರೆ ಕಂದು ಕಡ್ಡಿ. ತೊಗಟೆಸಹಿತ ಗಂಟೆಗಟ್ಟಲೆ ಕುದಿಸಿ ಸುಲಿದರೆ ಟ್ಯಾನಿನ್ ಇಳಿದು ಕಾವಿಬಣ್ಣ. ನೀರಿನಲ್ಲಿ ನಿಲ್ಲಿಸಿಟ್ಟು, ವಸಂತದಲ್ಲಿ ರಸವೇರಿದಾಗ ಸುಲಿದರೆ ಬಿಳಿ. ಒಣಗಿದ ಕಂದು ಕಡ್ಡಿಯನ್ನು ನೇಯುವ ಮುನ್ನ ಅಡಿಯುದ್ದಕ್ಕೆ ಒಂದು ದಿನದಂತೆ ನೆನೆಸಬೇಕೆಂಬುದು ಬುಟ್ಟಿಗಾರರ ಸ್ಥೂಲ ಲೆಕ್ಕ.

2000ದಲ್ಲಿ ಕಲಾವಿದೆ ಸೆರೀನಾ ಡಿ ಲಾ ಹೇ ಅವರು ಬ್ರಿಜ್‌ವಾಟರ್ ಸಮೀಪ ಎಂ5 ಹೆದ್ದಾರಿಯ ಬದಿಯಲ್ಲಿ, ಉಕ್ಕಿನ ಚೌಕಟ್ಟಿನ ಮೇಲೆ ಸುಮಾರು 12 ಮೀಟರ್ ಎತ್ತರದ ಓಡುವ ಮನುಷ್ಯನನ್ನು ಈ ಕಡ್ಡಿಗಳಿಂದ ನೇಯ್ದರು. 2001ರ ಮೇ ತಿಂಗಳಲ್ಲಿ ಯಾರೋ ಅದಕ್ಕೆ ಬೆಂಕಿಯಿಟ್ಟರು. ಅದೇ ವರ್ಷ ಮತ್ತೆ ನೇಯ್ದು ಸುತ್ತಲೂ ನೀರಿನ ಕಂದಕ ತೋಡಲಾಯಿತು. ಕಂದಕ ಹಕ್ಕಿಗಳನ್ನು ತಡೆಯಲಾರದಲ್ಲ! ಗೂಡಿಗೆಂದು ಅವು ಕಡ್ಡಿ ಕಿತ್ತವು; ಉಳಿದುದನ್ನು ಮಳೆಗಾಳಿಗಳು ಶಿಥಿಲಗೊಳಿಸಿದವು. ಕೊಯ್ದು ಒಣಗಿಸಿದ ಕಡ್ಡಿಯ ಶಿಲ್ಪಕ್ಕೆ ಆಯುಷ್ಯ ಕಡಿಮೆ.

ಜೀವಂತ ರಚನೆಯ ಬಗೆ ಬೇರೆ. ಜರ್ಮನಿಯ ಔಯರ್‌ಸ್ಟೆಡ್ ಗ್ರಾಮದಲ್ಲಿ 1998ರಲ್ಲಿ ವಾಸ್ತುಶಿಲ್ಪಿ ಮಾರ್ಸೆಲ್ ಕಾಲ್ಬರರ್ ಅವರು ನೂರಾರು ಸ್ವಯಂಸೇವಕರೊಡನೆ ಹಸಿ ವಿಲ್ಲೋ ಕಡ್ಡಿಗಳನ್ನು ನೆಟ್ಟು, ಕಟ್ಟುಕಟ್ಟಾಗಿ ಬಾಗಿಸಿ ಗುಮ್ಮಟದ ಮಂಟಪವನ್ನೆಬ್ಬಿಸಿದರು. ಕಾಂಡದ ತೊಗಟೆಯಡಿಯಲ್ಲಿ ಬೇರಿನ ಅಂಕುರಗಳು ಮೊದಲೇ ಸುಪ್ತವಾಗಿರುವುದರಿಂದ, ಚಳಿಗಾಲದಲ್ಲಿ ಕೊಯ್ದ ಕಡ್ಡಿಯನ್ನು ಒಂದಡಿಯಷ್ಟು ಆಳಕ್ಕೆ ಊರಿದರೆ ವಸಂತದಲ್ಲಿ ಬೇರುಬಿಡುತ್ತದೆ. ಅಡ್ಡಹಾಯ್ದು ಬಿಗಿದ ಕಡ್ಡಿಗಳು ದಪ್ಪವಾದಂತೆ ಒಂದಕ್ಕೊಂದು ಬೆಸೆದುಕೊಳ್ಳುವುದೂ ಉಂಟು. ಪ್ರತಿ ಚಳಿಗಾಲದಲ್ಲೂ ಸವರಿ ಹೊಸ ಚಿಗುರನ್ನು ಒಳಹೆಣೆಯಬೇಕು. ಇಲ್ಲವಾದರೆ ಮೇಲಿನ ನೆರಳಿಗೆ ಕೆಳಗಿನ ಗೋಡೆ ಬೋಳಾಗುತ್ತದೆ. ಚಿತ್ರ ತೆಗೆಯುವವರು ನೂರು ಮಂದಿ, ಸವರುವವರು ನಾಲ್ಕು ಮಂದಿ ಎಂಬ ಪಾಡು ಇಂಥ ರಚನೆಗಳಿಗೆ ಬರಬಾರದು. ಇದರ ಬೇರು ನೀರನ್ನು ಅರಸುವಂಥದ್ದು. ಚರಂಡಿ, ಕೊಳವೆ, ಅಡಿಪಾಯಗಳ ಬಳಿ ಸಲ್ಲದು.

ಹಾಗೆಂದು ವಿದೇಶಿ ವಿಲ್ಲೋವನ್ನು ಇಲ್ಲಿಗೆ ತರುವುದು ವಿವೇಕವಲ್ಲ. ಆಸ್ಟ್ರೇಲಿಯಾದಲ್ಲಿ ನದಿದಂಡೆ ರಕ್ಷಣೆಗೆಂದು ನೆಟ್ಟ ವಿಲ್ಲೋಗಳು ತೊರೆಗಳನ್ನೇ ಆಕ್ರಮಿಸಿದವು. ಅವುಗಳಲ್ಲಿ ಬಹುಪಾಲು 1999ರಲ್ಲಿ ಅಲ್ಲಿಯ ರಾಷ್ಟ್ರೀಯ ಪ್ರಾಮುಖ್ಯದ ಕಳೆಗಳ ಪಟ್ಟಿಗೆ ಸೇರಿದವು. ಮುರಿದ ರೆಂಬೆಯೂ ಬೇರೂರುವ ಗುಣವೇ ಅಲ್ಲಿ ಶಾಪವಾಯಿತು. ತರಬೇಕಾದುದು ಗಿಡವನ್ನಲ್ಲ, ಹೆಣೆಯುವ ಕ್ರಮವನ್ನು. ಒಣಗೂಟದ ಬೇಲಿಗಾಗಿ ಬೆಟ್ಟದ ಎಳೆಮರಗಳು ಮತ್ತೆ ಮತ್ತೆ ಕೊಡಲಿಗೆ ಬೀಳುವ ಮಲೆನಾಡಿನಲ್ಲಿ ಹಾಲುವಾಣ, ಗ್ಲಿರಿಸಿಡಿಯಾಗಳ ಹಸಿಗೂಟ ಮುಂಗಾರಿಗೆ ಬೇರುಬಿಡುವುದು ಎಲ್ಲರಿಗೂ ತಿಳಿದದ್ದೇ. ಗ್ಲಿರಿಸಿಡಿಯಾ ಕೂಡ ಮಧ್ಯ ಅಮೆರಿಕದಿಂದ ಬಂದದ್ದೆನ್ನಿ. ಆದರೆ ಬಂದು ಬಹುಕಾಲವಾಯಿತು. ಇವುಗಳ ಚಿಗುರನ್ನು ಎಳೆಯದಾಗಿರುವಾಗಲೇ ಓರೆಯಾಗಿ ಬಾಗಿಸಿ ಹೆಣೆಯಬೇಕು, ಬಲಿತರೆ ಮುರಿಯುತ್ತದೆ. ಇಲ್ಲಿ ಹಿಮದ ವಿಶ್ರಾಂತಿಯಿಲ್ಲದ ಕಾರಣ ವರ್ಷಕ್ಕೆ ಎರಡು ಮೂರು ಸಲವಾದರೂ ಸವರಬೇಕಾದೀತು. ಸವರಿದ ಸೊಪ್ಪು ಅಡಿಕೆ ಬುಡಕ್ಕೆ ಹಸಿರುಗೊಬ್ಬರ.