ಗೆದ್ದವರು ಬಿಟ್ಟುಹೋದ ಗುರುತುಗಳು



ಕಪ್, ಪದಕ, ಫಲಕಗಳು ಬರುವುದಕ್ಕೆ ಎಷ್ಟೋ ಮೊದಲೇ ನಮ್ಮವರು ಊರು ಕಾಯುತ್ತ ಮಡಿದವನಿಗೆ ವೀರಗಲ್ಲು ನಿಲ್ಲಿಸಿದರು. ಕಾವ್ಯ ಬರೆದ ಪಂಪನಿಗೆ ಅರಿಕೇಸರಿ ಧರ್ಮಪುರದ ಅಗ್ರಹಾರವನ್ನೇ ಕೊಟ್ಟ. ಗೆಲುವಿನ ಗುರುತುಗಳ ಈ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಹೆಚ್ಚು ಸೆಳೆದ ಭಾಗ ನಡೆದದ್ದು ಇಂದಿನ ವಿಜಯವಾಡ, ವಿಶಾಖಪಟ್ಟಣಗಳ ಸೀಮೆಯಲ್ಲಿ. ಅದರ ನಾಯಕ ಕೃಷ್ಣದೇವರಾಯ.

ಒಡಿಶಾದ ಗಜಪತಿ ಅರಸರ ಮೇಲೆ ದಂಡೆತ್ತಿ ಹೋದ ರಾಯ 1514ರಲ್ಲಿ ಉದಯಗಿರಿ ಕೋಟೆಯನ್ನು ಗೆದ್ದ. ಅಲ್ಲಿಂದ ಬಾಲಕೃಷ್ಣನ ವಿಗ್ರಹವನ್ನು ತಂದು, ಹಂಪಿಯಲ್ಲಿ ಗುಡಿ ಕಟ್ಟಿಸಿ, ಪ್ರತಿಷ್ಠಾಪಿಸಿದ. ಗೆದ್ದವನು ಗೆದ್ದ ನೆಲದಿಂದ ಏನನ್ನಾದರೂ ಹೊತ್ತು ತರುವುದು ಲೋಕದಲ್ಲೆಲ್ಲ ಇದ್ದ ಪದ್ಧತಿ. ಮುಂದೆ ಆತ ನಡೆದುಕೊಂಡ ಬಗೆ ಮಾತ್ರ ಬೇರೆ.

1515ರಲ್ಲಿ ಕೊಂಡವೀಡು ಬಿತ್ತು. ಆಮೇಲೆ ಕೃಷ್ಣೆಯನ್ನು ದಾಟಿದ ಸೈನ್ಯ ವಿಜಯವಾಡದ ಪಕ್ಕದ ಕೊಂಡಪಲ್ಲಿಯನ್ನು ಹಿಡಿಯಿತು. ಕಳಿಂಗದ ದಾರಿಯಲ್ಲಿ ವಿಜಯವಾಡದಲ್ಲಿ ತಂಗಿದ್ದನ್ನು ರಾಯನೇ ತನ್ನ ತೆಲುಗು ಕಾವ್ಯ ‘ಆಮುಕ್ತಮಾಲ್ಯದ’ದಲ್ಲಿ ಹೇಳಿಕೊಂಡಿದ್ದಾನೆ. ಉತ್ತರಕ್ಕೆ ನಡೆದವನು 1516ರಲ್ಲಿ ವಿಶಾಖಪಟ್ಟಣದ ಬಳಿಯ ಸಿಂಹಾಚಲದ ಬೆಟ್ಟ ಹತ್ತಿ, ನರಸಿಂಹಸ್ವಾಮಿಗೆ 991 ಮುತ್ತುಗಳ ಹಾರವನ್ನೂ ಬೇರೆ ಒಡವೆಗಳನ್ನೂ ಒಪ್ಪಿಸಿದ. ರಾಣಿಯರಾದ ತಿರುಮಲದೇವಿ, ಚಿನ್ನಾದೇವಿಯರೂ ಪದಕಗಳನ್ನು ಕೊಟ್ಟರು. ಇದೆಲ್ಲ ದೇವಾಲಯದ ಶಾಸನದಲ್ಲಿದೆ. ಯೋಚಿಸಿ, ಅದು ಶತ್ರುವಿನ ಸೀಮೆಯ ದೇವರು! ಅಲ್ಲಿಂದ ಕೊಂಡೊಯ್ಯುವ ಶಕ್ತಿ ಇದ್ದವನು ಕೊಟ್ಟು ಬಂದ. 1519ರಲ್ಲಿ ಮತ್ತೊಮ್ಮೆ ಅದೇ ಬೆಟ್ಟ ಹತ್ತಿದ.

ಹಾಗೆಂದು ಗೆಲುವಿನ ಹೆಮ್ಮೆ ಅವನಿಗೆ ಇರಲಿಲ್ಲವೆಂದಲ್ಲ. ಭೀಮುನಿಪಟ್ಟಣದ ಕಡೆಯ ಪೊಟ್ನೂರಿನಲ್ಲಿ ಜಯಸ್ತಂಭ ನೆಡಿಸಿದ. ಆದರೆ ಗಜಪತಿ ಪ್ರತಾಪರುದ್ರ ಮಗಳನ್ನು ಕೊಟ್ಟು ಸಂಧಿ ಮಾಡಿಕೊಂಡಾಗ, ಕೃಷ್ಣೆಯ ಉತ್ತರಕ್ಕೆ ಗೆದ್ದ ನೆಲವನ್ನೆಲ್ಲ ರಾಯ ಹಿಂದಿರುಗಿಸಿದ. ವಿಜಯವಾಡ, ಕೊಂಡಪಲ್ಲಿ, ಸಿಂಹಾಚಲ, ಕಂಬ ನೆಟ್ಟ ಪೊಟ್ನೂರು, ಎಲ್ಲವೂ ಅದರಲ್ಲಿ ಸೇರಿದ್ದವು. ಕವಿಗಳೆದುರೂ ಅವನು ಹಾಗೆಯೇ: ಆಸ್ಥಾನಕವಿ ಅಲ್ಲಸಾನಿ ಪೆದ್ದನನ ಕಾಲಿಗೆ ರಾಯನೇ ಗೌರವದ ಕಡಗವಾದ ಗಂಡಪೆಂಡೇರ ತೊಡಿಸಿದನೆಂಬ ಕಥೆ ಇಂದಿಗೂ ಜನರ ಬಾಯಲ್ಲಿದೆ. ದೊರೆ ಕವಿಯ ಪಾದದ ಬಳಿ ಬಾಗುವ ಕಥೆಯನ್ನು ಜನ ಇಷ್ಟು ಕಾಲ ಉಳಿಸಿಕೊಂಡಿರುವುದೇ ದೊಡ್ಡ ಮಾತು.

ಇನ್ನು ಕಪ್‌ಗಳ ಕಾಲ. 1934ರಲ್ಲಿ ರಾಷ್ಟ್ರೀಯ ಕ್ರಿಕೆಟ್ ಪಂದ್ಯಾವಳಿಗೆ ಯಾರ ಟ್ರೋಫಿ ಎಂಬ ಪೈಪೋಟಿ ಎದ್ದಿತು. ವಿಶಾಖಪಟ್ಟಣದ ನೆರೆಯ ವಿಜಯನಗರಂ ರಾಜಮನೆತನದ ‘ವಿಜ್ಜಿ’ ವೈಸರಾಯ್ ವಿಲ್ಲಿಂಗ್ಡನ್ ಹೆಸರಿನ ಟ್ರೋಫಿಯನ್ನು ಮುಂದಿಟ್ಟರು. ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಕೊಟ್ಟದ್ದು ಕ್ರಿಕೆಟ್ ಆಟಗಾರ ರಣಜಿಯ ಹೆಸರಿನದು. ಉಳಿದದ್ದು ಆಟಗಾರನ ಹೆಸರು. ಅದೇ ಸರಿ ಎಂದು ನನಗನ್ನಿಸುತ್ತದೆ. ಆ ಟ್ರೋಫಿಯ ಮೊದಲ ಪಂದ್ಯದಲ್ಲೇ, 1934ರ ನವೆಂಬರ್ 4ರಂದು, ನಮ್ಮ ಮೈಸೂರು ತಂಡ ಮದ್ರಾಸಿನೆದುರು ಒಂದೇ ದಿನದಲ್ಲಿ ಸೋತಿತು. ಆ ಟ್ರೋಫಿ ಮೊದಲ ಬಾರಿಗೆ ಕರ್ನಾಟಕದ ಕೈಗೆ ಬಂದದ್ದು 1973-74ರಲ್ಲಿ, ಪ್ರಸನ್ನ ಅವರ ನಾಯಕತ್ವದಲ್ಲಿ.

ಸಾಹಿತ್ಯದಲ್ಲಿ ಜ್ಞಾನಪೀಠ ಕನ್ನಡಕ್ಕೂ ತೆಲುಗಿಗೂ ಮೊದಲು ಬಂದದ್ದು ರಾಮಾಯಣದಿಂದಲೇ. 1967ರ ಪ್ರಶಸ್ತಿ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ಗೆ, 1970ರದು ವಿಜಯವಾಡದಲ್ಲಿ ನೆಲೆಸಿದ್ದ ವಿಶ್ವನಾಥ ಸತ್ಯನಾರಾಯಣ ಅವರ ‘ರಾಮಾಯಣ ಕಲ್ಪವೃಕ್ಷಮು’ವಿಗೆ. ಪ್ರಶಸ್ತಿಯೊಂದಿಗೆ ಕೊಡುವ ಕಂಚಿನ ವಾಗ್ದೇವಿ ಧಾರಾನಗರದ ಪ್ರತಿಮೆಯ ಪ್ರತಿರೂಪ. ಮೂಲ ಪ್ರತಿಮೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಗೆದ್ದವರು ಒಯ್ದದ್ದನ್ನು ಹಿಂದಿರುಗಿಸುವುದು ಎಷ್ಟು ಅಪರೂಪವೆಂದು ಇದರಿಂದಲೂ ತಿಳಿಯಬಹುದು.

ಕರ್ನಾಟಕದಿಂದ ವಿಶಾಖಪಟ್ಟಣಕ್ಕೆ ಹೋಗುವವರು ಕಡಲತೀರವನ್ನಷ್ಟೇ ನೋಡಿ ಮರಳಬೇಡಿ. ಸಿಂಹಾಚಲದಲ್ಲಿ ದರ್ಶನ ಮುಗಿದ ಮೇಲೆ ರಾಯನ ಶಾಸನ ಎಲ್ಲಿದೆ ಎಂದು ಕೇಳಿ, ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಜೊತೆಗೆ ಮಕ್ಕಳಿದ್ದರೆ ಅವರಿಗೂ ತೋರಿಸಿ.