ಬಂದರಿಗೊಂದು ಭೇಟಿ: ಮಂಗಳೂರಿನಲ್ಲಿ ಜರ್ಮನರ ಹೆಜ್ಜೆಗುರುತು

(ಗೋಪಾಳದಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಸಲದ ಶೈಕ್ಷಣಿಕ ಪ್ರವಾಸಕ್ಕೆ ಎಲ್ಲಿಗೆ ಹೋಗೋಣ ಎಂದು ಕೇಳಿದಾಗ ಒಬ್ಬ ಹುಡುಗ "ಜರ್ಮನಿಯ ಹ್ಯಾಂಬರ್ಗ್‌ಗೆ ಸಾರ್" ಎಂದ. ಎಲ್ಲರೂ ನಕ್ಕರು. ಅವನ ಆಸೆಯಲ್ಲಿ ತಪ್ಪೇನಿಲ್ಲ. ಎಲ್ಬೆ ನದಿಯ ದಡದ ಆ ಹಳೆಯ ಬಂದರು ನಗರದಲ್ಲಿ ಕೆಂಪು ಇಟ್ಟಿಗೆಯ ಗೋದಾಮುಗಳ ದೊಡ್ಡ ಸಾಲೇ ಇದೆ. ಪೂರ್ವದೇಶಗಳ ಕಾಫಿ, ಚಹಾ, ಸಂಬಾರ ಪದಾರ್ಥಗಳು ಅಲ್ಲಿ ಇಳಿಯುತ್ತಿದ್ದವು. 2015ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಅಲ್ಲಿಗೆ ಹೋಗುವ ಅನುಕೂಲ ನಮ್ಮೆಲ್ಲರಿಗೂ ಇಲ್ಲ. ಆದರೆ ಜರ್ಮನರೇ ಬಂದು ನೆಲೆಸಿ, ದುಡಿದು, ಗುರುತು ಬಿಟ್ಟುಹೋದ ಬಂದರು ನಗರವೊಂದು ನಮ್ಮ ಶಿವಮೊಗ್ಗದಿಂದ ಸುಮಾರು 200 ಕಿಲೋಮೀಟರ್ ದೂರದಲ್ಲಿದೆ. ತೀರ್ಥಹಳ್ಳಿ, ಆಗುಂಬೆ ದಾಟಿ ಘಟ್ಟ ಇಳಿದರೆ ಅದೇ ದಿನ ತಲುಪಬಹುದು. ಅದು ಮಂಗಳೂರು.

ಮೊದಲು ಹಳೆಯ ಬಂದರಿಗೆ ಹೋಗಿ. ನೇತ್ರಾವತಿ ಮತ್ತು ಗುರುಪುರ ನದಿಗಳು ಸಮುದ್ರ ಸೇರುವ ಜಾಗವದು. 14ನೆಯ ಶತಮಾನದಲ್ಲಿ ಇಬ್ನ್ ಬತೂತ ಈ ಊರಿಗೆ ಬಂದಿದ್ದ. ಯೆಮನ್ ಮತ್ತು ಪರ್ಷಿಯಾದ ವ್ಯಾಪಾರಿಗಳು ಇಲ್ಲಿ ಇಳಿಯುತ್ತಾರೆಂದು ಅವನು ಬರೆದಿದ್ದಾನೆ. ಬಂದರಿನ ಝೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆಯನ್ನು ನಿಂತು ನೋಡಿ. ಬೋಳೂರಿನಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಸುಲ್ತಾನ್ ಬತ್ತೇರಿ ಇದೆ. ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೇನಿ ಬಿಡಿಸಿದ ಚಿತ್ರಗಳಿವೆ. ಒಂದು ಬಂದರು ಎಷ್ಟು ಜನರನ್ನು ತನ್ನವರನ್ನಾಗಿ ಮಾಡಿಕೊಳ್ಳುತ್ತದೆ ಎಂಬುದು ಅರ್ಧ ದಿನದಲ್ಲಿ ನಿಮಗೆ ತಿಳಿಯುತ್ತದೆ.

ಆಮೇಲೆ ಬಲ್ಮಠದ ಗುಡ್ಡ ಹತ್ತಿ. 1834ರಲ್ಲಿ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದರು. ಸಂಸ್ಥೆ ಸ್ವಿಟ್ಜರ್ಲೆಂಡಿನದು, ಆದರೆ ಬಂದು ದುಡಿದವರಲ್ಲಿ ಹೆಚ್ಚಿನವರು ಜರ್ಮನರು. ಅವರು ಬಂದದ್ದು ತಮ್ಮ ಧರ್ಮವನ್ನು ಸಾರಲು. ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಜನರೊಡನೆ ಮಾತಾಡಬೇಕಾದರೆ ಜನರ ಭಾಷೆ ಕಲಿಯಬೇಕೆಂದು ಅವರು ಅರಿತರು, ಶ್ರದ್ಧೆಯಿಂದ ಕಲಿತರು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಬಂತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಎಂಬ ಪಾಕ್ಷಿಕವನ್ನು ಹೊರತಂದರು. ಅದೇ ಕನ್ನಡದ ಮೊದಲ ಪತ್ರಿಕೆ. ಜುಲೈ 1ನ್ನು ನಾವು ಪತ್ರಿಕಾ ದಿನವೆಂದು ಆಚರಿಸುವುದು ಇದೇ ಕಾರಣಕ್ಕೆ.

ಇನ್ನೊಬ್ಬರು ಫರ್ಡಿನಾಂಡ್ ಕಿಟ್ಟೆಲ್. ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರ ಸಮುದ್ರ ತೀರದ ಒಂದು ಹಳ್ಳಿಯಲ್ಲಿ. 1853ರಲ್ಲಿ ನಮ್ಮ ನಾಡಿಗೆ ಬಂದರು. ಇಲ್ಲಿನ ಪಂಡಿತರ ನೆರವು ಪಡೆದು, ಹಳೆಯ ಕಾವ್ಯ, ಗಾದೆ, ಆಡುಮಾತುಗಳಿಂದ ಪದಗಳನ್ನು ಆಯ್ದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದ. ಬಂದ ವರ್ಷಕ್ಕೂ ನಿಘಂಟು ಬಂದ ವರ್ಷಕ್ಕೂ ನಡುವೆ 41 ವರ್ಷಗಳ ಅಂತರವಿದೆ ಎಂಬುದನ್ನು ಗಮನಿಸಿ.

ವಿದ್ಯಾರ್ಥಿಗಳೆ, ಈಗ ನಿಮ್ಮನ್ನು ಒಂದು ಮಾತು ಕೇಳುತ್ತೇನೆ. ನಮ್ಮ ಅನೇಕ ಮನೆಗಳಲ್ಲಿ ಉರ್ದು ಅಥವಾ ಬ್ಯಾರಿ ಮಾತಾಡುತ್ತೇವೆ, ಶಾಲೆಯಲ್ಲಿ ಇಂಗ್ಲಿಷ್ ಓದುತ್ತೇವೆ. ಕನ್ನಡ ಎಂದರೆ ಪಾಸಾದರೆ ಸಾಕು ಎನ್ನುವವರಿದ್ದೀರಿ. ನಾನೂ ನಿಮ್ಮ ವಯಸ್ಸಿನಲ್ಲಿ ಹಾಗೆಯೇ ಹೇಳುತ್ತಿದ್ದೆ. ಮುಂದೆ ಒಂದು ಕಚೇರಿಯಲ್ಲಿ ನನ್ನ ತಂದೆಯ ಅರ್ಜಿಯನ್ನು ನೆಟ್ಟಗೆ ಬರೆಯಲಾಗದೆ ಬೇರೆಯವರಿಂದ ಬರೆಸಿಕೊಂಡೆ. ಅವರು ಬರೆದುಕೊಟ್ಟದ್ದರಲ್ಲಿ ತಪ್ಪಿತ್ತು. ಅದನ್ನು ಗುರುತಿಸುವಷ್ಟು ಭಾಷೆಯೂ ನನಗೆ ಇರಲಿಲ್ಲ. ಅರ್ಜಿ ವಾಪಸಾಯಿತು. ಭಾಷೆ ಬಾರದವನು ತನ್ನ ಹಕ್ಕನ್ನು ಇನ್ನೊಬ್ಬರ ಕೈಯಲ್ಲಿ ಇಡುತ್ತಾನೆ ಎಂದು ಅಂದು ಕಲಿತೆ. ಸಮುದ್ರ ದಾಟಿ ಬಂದವರು ಕಲಿತ ಭಾಷೆಯನ್ನು ಇಲ್ಲೇ ಹುಟ್ಟಿದ ನಾವು ಕಲಿಯಲಾರೆವೆ? ಮನೆಮಾತನ್ನು ಬಿಡಿ ಎಂದು ಹೇಳುತ್ತಿಲ್ಲ. ಅದರ ಜೊತೆಗೆ ಇದೂ ನಮ್ಮದೇ ಎನ್ನಿ.

ಜರ್ಮನರು ಕೈಕಸುಬನ್ನೂ ಕಲಿಸಿದರು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅವರ ಪ್ರಯತ್ನದಿಂದ ನೇತ್ರಾವತಿಯ ಬಳಿ ಹೆಂಚಿನ ಕಾರ್ಖಾನೆ ಆರಂಭವಾಯಿತು. ನದಿಯ ಜೇಡಿ ಮಣ್ಣು, ಕಾಡಿನ ಸೌದೆ, ಸಾಗಿಸಲು ಬಂದರು, ಮೂರೂ ಒಂದೇ ಕಡೆ ಸಿಕ್ಕವು. ಒಂದರೊಳಗೊಂದು ಕಚ್ಚಿಕೊಳ್ಳುವ ಆ ಹೆಂಚು ನಮ್ಮ ಮಲೆನಾಡಿನ ಮಳೆಗೂ ಒಗ್ಗಿತು. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರಕಾರ ಜರ್ಮನರನ್ನು ಬಂಧನದಲ್ಲಿಟ್ಟಿತು, ಕಾರ್ಖಾನೆಗಳು ಅವರ ಕೈತಪ್ಪಿದವು. ಕಟ್ಟಿದವರು ಹೋದರು, ಕಲಿತ ಕಸುಬು ಇಲ್ಲಿನವರಲ್ಲಿ ಉಳಿಯಿತು.

ಕೊನೆಯದಾಗಿ ಒಂದು ಸಣ್ಣ ಕೆಲಸ ಕೊಡುತ್ತೇನೆ. ಗೋಪಾಳದಲ್ಲಿ ಈಗ ಎಲ್ಲೆಲ್ಲೂ ಆರ್‌ಸಿಸಿ ಮನೆಗಳು. ಆದರೆ ಅಜ್ಜನ ಊರಿನಲ್ಲಿ ಹಳೆಯ ಮನೆ ಕೆಡವುವಾಗ ಒಂದು ಹೆಂಚನ್ನು ತಿರುಗಿಸಿ ನೋಡಿ, ಅದರ ಮೇಲೆ ಒತ್ತಿದ ಅಕ್ಷರಗಳನ್ನು ಓದಿ. ಅಟ್ಟದ ಮೇಲಿನ ಹಳೆಯ ಕಾಗದ, ಪುಸ್ತಕಗಳನ್ನು ಗುಜರಿಗೆ ಹಾಕುವ ಮೊದಲು ನಮ್ಮ ಸಂಘಕ್ಕೆ ತಂದು ತೋರಿಸಿ. ಹ್ಯಾಂಬರ್ಗ್‌ಗೆ ಹೋಗಬೇಕೆಂದ ಹುಡುಗನೂ ಮೊದಲು ನಮ್ಮೊಡನೆ ಮಂಗಳೂರಿಗೆ ಬರಲಿ. ಚೆನ್ನಾಗಿ ಓದಿ ಮುಂದೊಂದು ದಿನ ಅಲ್ಲಿಗೂ ಹೋಗಲಿ. ಅಲ್ಲಿಯವರು ನಿನ್ನ ಊರು ಯಾವುದು, ನಿನ್ನ ಭಾಷೆ ಯಾವುದು ಎಂದು ಕೇಳಿದರೆ ಅವನು ತಲೆಯೆತ್ತಿ ಉತ್ತರ ಹೇಳುವಂತಾಗಲಿ.