ಊರಿನ ನಂಬರು ಕೈಬಿಡಬೇಡಿ

ಧರ್ಮಪುರಿ, ಪಾಲಕ್ಕೋಡು, ಸೇಲಂ ಕಡೆಯಿಂದ ದುಬೈಗೆ ದುಡಿಯಲು ಹೊರಟಿರುವ ತಮ್ಮಂದಿರಿಗೆ ಇಂದು ನಾಲ್ಕು ಮಾತು.

ಹಿಂದೆ ಐ.ಎಸ್.ಡಿ. ಬೂತಿನಲ್ಲಿ ಮೀಟರು ನೋಡುತ್ತಾ ಮಾತಾಡುತ್ತಿದ್ದೆವು. ಈಗ ಫೋನು ಜೇಬಿನಲ್ಲಿದೆ, ಮೀಟರು ಮಾತ್ರ ಕಾಣದು. ಆದ್ದರಿಂದ ವಿಮಾನ ಹತ್ತುವ ಮುನ್ನ ಊರಿನ ಸಿಮ್ಮಿನಲ್ಲಿ ‘ಡೇಟಾ ರೋಮಿಂಗ್’ ಆರಿಸಿಬಿಡಿ. ಇಲ್ಲವಾದರೆ ನೀವು ಮುಟ್ಟದಿದ್ದರೂ ಫೋನು ತಾನಾಗಿ ಇಂಟರ್ನೆಟ್ ಎಳೆದು ಹಣ ಕರಗಿಸಬಹುದು. ಅಲ್ಲಿಳಿದ ಮೇಲೆ ಪಾಸ್‌ಪೋರ್ಟ್ ತೋರಿಸಿ ಅಲ್ಲಿಯದೇ ಸಿಮ್ ಕೊಳ್ಳಿ; ಇಂಟರ್ನೆಟ್ಟಿಗೆ ಅದೇ ಅಗ್ಗ.

ಹಾಗೆಂದು ಊರಿನ ಸಿಮ್ ಎಸೆಯಬೇಡಿ. ಬ್ಯಾಂಕಿನ ಓ.ಟಿ.ಪಿ. ಬರುವುದು ಅದಕ್ಕೇ. ಅಲ್ಲಿಯೂ ಎಸ್.ಎಮ್.ಎಸ್. ಸಿಗಬೇಕಾದರೆ ಹೊರಡುವ ಮೊದಲೇ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿಕೊಳ್ಳಿ. ಇದು ಬೇರೆ, ಡೇಟಾ ರೋಮಿಂಗ್ ಬೇರೆ. 90 ದಿನ ಬಳಸದೆ ಬಿಟ್ಟರೆ ನಂಬರು ರದ್ದಾಗಿ ಮುಂದೆ ಇನ್ನೊಬ್ಬರ ಕೈ ಸೇರಬಹುದು. ಮನೆಯವರು ಇಲ್ಲಿಂದಲೇ ರೀಚಾರ್ಜ್ ಮಾಡುತ್ತಿರಲಿ.

ಇನ್ನೊಂದು ಮಾತು. ದುಬೈಯಲ್ಲಿ ವಾಟ್ಸಾಪ್ ಸಂದೇಶ ಹೋಗುತ್ತದೆ, ಕರೆ ಸಾಮಾನ್ಯವಾಗಿ ಹೋಗದು. ಅಲ್ಲಿ ಅನುಮತಿಯಿರುವ ಬೋಟಿಮ್ ಆಪನ್ನು ತಾಯಿಯ ಫೋನಿಗೂ ಹಾಕಿ, ಒಮ್ಮೆ ಮಾತಾಡಿಸಿ ತೋರಿಸಿ ಹೊರಡಿ. ಮಗನಿಗೆ ಏನಾಯಿತೋ ಎಂದು ಆಕೆ ರಾತ್ರಿಯೆಲ್ಲ ಕಾಯುವುದು ತಪ್ಪೀತು.